ಹಳೆಯ ಕೀಬೋರ್ಡು ಕೊಳ್ಳುವ ಮುನ್ನ

ಕೊಬ್ಬರಿ ಮಾರಿದ ದುಡ್ಡು ಕೈಗೆ ಬಂದ ವಾರವೇ ಶೆಟ್ಟಿಕೆರೆಯ ಪರಿಚಿತರೊಬ್ಬರು ನನ್ನನ್ನು ಕರೆದರು. ತಿಪಟೂರಿನ ಆರ್ಕೆಸ್ಟ್ರಾದವರೊಬ್ಬರ ಹಳೆಯ ಕೀಬೋರ್ಡು (ಊರವರ ಬಾಯಲ್ಲಿ ಯಾವುದಾದರೂ ‘ಕ್ಯಾಸಿಯೊ’ವೇ) ಮಾರಾಟಕ್ಕಿದೆ, ಹತ್ತನೇ ತರಗತಿಯ ಮಗಳಿಗೆ ಅದೇ ಬೇಕು.

‘ತಾಳ, ಬಾಸು ಎಲ್ಲಾ ಪೆಟ್ಟಿಗೆಯೇ ಬಾರಿಸುತ್ತಲ್ಲ ಸಾರ್, ಇವಳು ಕಲಿಯೋದೇನು?’ ಎಂದು ಅಪ್ಪನ ತಕರಾರು. ಎಡಗೈ ಸರಿಯಾದ ಕಾರ್ಡ್ ಹಿಡಿಯದಿದ್ದರೆ ಪೆಟ್ಟಿಗೆಯ ಬಾಸಿಗೆ ದಾರಿ ತಿಳಿಯದು, ಧಾಟಿಯಂತೂ ಬಲಗೈಯದೇ. ಗಮಕ ಕಲಿಯಬೇಕೆಂದರೆ ಮಾತ್ರ ಪಿಟೀಲು, ವೀಣೆಯೇ ಸರಿ.

ನೋಡಲು ಹೋದೆವು. ಹುಡುಗಿ ಹಾಡು ಶುರುಮಾಡಿದಳು. ತಡೆದು, 61 ಮನೆಗಳನ್ನೂ ಒಂದೊಂದಾಗಿ ಮೆಲ್ಲಗೊಮ್ಮೆ, ಜೋರಾಗೊಮ್ಮೆ ಒತ್ತಿಸಿದೆ. ಎರಡು ಮೂಕವಾಗಿದ್ದವು, ಒಂದು, ಮೆಲ್ಲಗೆ ಮುಟ್ಟಿದರೂ ಕಿರುಚಿತು. ಮನೆಗಳಡಿಯ ರಬ್ಬರ್ ಪಟ್ಟಿಗೆ ಧೂಳು ಹಿಡಿದರೆ ಹೀಗಾಗುತ್ತದೆ, ಬಿಚ್ಚಿ ಒರೆಸಿದರೆ ಬಹಳ ಸಲ ಸರಿಹೋಗುತ್ತದೆ. ನನಗೆ ಹೆದರಿಕೆಯಾದದ್ದು ಬೇರೆ ಯಾವುದೋ ಯಂತ್ರದ ಅಡಾಪ್ಟರು ನೋಡಿ. ವೋಲ್ಟೇಜು ಒಂದೇ ಇದ್ದರೂ ಪ್ಲಸ್ಸು-ಮೈನಸ್ಸು ಅದಲುಬದಲಾದರೆ ಒಳಗಿನ ಬೋರ್ಡೇ ಸುಟ್ಟೀತು.

‘ರಿಪೇರಿ ಮಾಡಿಸಿ, ಸರಿಯಾದ ಅಡಾಪ್ಟರು ಕೊಟ್ಟರೆ ಮಾತಾಡೋಣ’ ಎಂದೆ. ಅವರು ಒಂದು ವಾರ ಕೇಳಿದ್ದಾರೆ. ಅಲ್ಲಿಯವರೆಗೆ ಹುಡುಗಿ ಭಜನೆ ಮಂದಿರದ ಹಾರ್ಮೋನಿಯಂನಲ್ಲಿ ಬಲಗೈ ಪಳಗಿಸುತ್ತಿದ್ದಾಳೆ. ಎಡಗೈಗೆ ಅಲ್ಲಿ ತಿದಿ ಒತ್ತುವ ಕೆಲಸ.