ಹಳೆಯ ಮೋಟಾರಿನ ಹೊಸ್ತಿಲು

ಹಳೆಯ ಮೋಟಾರು ಗಾಡಿಗಳನ್ನು ಮಾರುವವರ ಜಾಹೀರಾತುಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕಾಣಬರುತ್ತದೆ: ‘ಸ್ವಲ್ಪ ದುರಸ್ತಿ ಬೇಕು.’ ಈ ‘ಸ್ವಲ್ಪ’ವನ್ನು ಅಳೆಯುವುದು ಹೇಗೆ? ಸಾಮಾನ್ಯವಾಗಿ ಕಣ್ಣೇ ಅಳತೆಗೋಲು. ಬಣ್ಣ ಮಾಸಿದೆ, ಆಸನದ ಹೊದಿಕೆ ಹರಿದಿದೆ, ದೀಪದ ಸುತ್ತಿನ ಬಳೆಯ ಹೊಳಪು ಹೋಗಿದೆ. ಇಷ್ಟನ್ನು ಸರಿಪಡಿಸಿದರೆ ಗಾಡಿ ಹೊಸದಾಯಿತೆಂದು ಕೊಳ್ಳುವವನು ಲೆಕ್ಕ ಹಾಕುತ್ತಾನೆ. ಮಡಿಸುವ ಬಟ್ಟೆಯ ಮಾಡುಳ್ಳ ತೆರೆದ ಗಾಡಿಯ ವಿಷಯದಲ್ಲಿ ಈ ಲೆಕ್ಕ ಅಪಾಯಕರವಾದುದೆಂದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣ ಭೌತವಿಜ್ಞಾನದಲ್ಲಿದೆ.

ಉದಾಹರಣೆಗೆ ಒಂದು ಪ್ರಸಿದ್ಧ ಗಾಡಿಯನ್ನೇ ತೆಗೆದುಕೊಳ್ಳೋಣ. ದ್ವಿತೀಯ ಮಹಾಯುದ್ಧ ಮುಗಿದು ಮೂರು ವರ್ಷಗಳಾಗಿದ್ದವು. ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ಇನ್ನೂ ಪಡಿತರವಿತ್ತು, ಉಕ್ಕಿಗೂ ಅಭಾವವಿತ್ತು. ಅಂತಹ ಕಾಲದಲ್ಲಿ, 1948ರ ಅಕ್ಟೋಬರಿನಲ್ಲಿ, ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮಾರಿಸ್ ಮೈನರ್ ಎಂಬ ಪುಟ್ಟ ಗಾಡಿ ಬೆಳಕು ಕಂಡಿತು. ಅದನ್ನು ರೂಪಿಸಿದವನು ಅಲೆಕ್ ಇಸ್ಸಿಗೋನಿಸ್. ಕೆಲಸವೆಲ್ಲ ಮುಗಿಯುತ್ತ ಬಂದಾಗ ಗಾಡಿ ತೀರ ಕಿರಿದಾಯಿತೆಂದು ಅವನಿಗೆ ತೋರಿತು. ಮಾದರಿ ಗಾಡಿಯನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನು 4 ಅಂಗುಲ ದೂರ ಸರಿಸಿ ನೋಡಿ, ಇದೇ ಸರಿ ಎಂದನು. ಯಂತ್ರದ ಮುಚ್ಚಳದ ನಡುವೆ ಹಾದುಹೋಗುವ ಚಪ್ಪಟೆ ಪಟ್ಟಿ ಆ 4 ಅಂಗುಲದ ಗುರುತು. ಕಂಪನಿಯ ಒಡೆಯನಾದ ಲಾರ್ಡ್ ನಫೀಲ್ಡ್ ಗಾಡಿಯ ಆಕಾರವನ್ನು ಮೊಟ್ಟೆಗೆ ಹೋಲಿಸಿ ಮೂದಲಿಸಿದನೆಂದು ಹೇಳುವುದುಂಟು. ಇದೇ ಮೈನರ್ 1950ರ ದಶಕದಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾರಾದಿಂದ ‘ಬೇಬಿ ಹಿಂದೂಸ್ಥಾನ್’ ಎಂಬ ಹೆಸರಿನಲ್ಲಿ ನಮ್ಮ ರಸ್ತೆಗಳಿಗೂ ಬಂದಿತು. ಪ್ರದರ್ಶನದ ದಿನದಿಂದಲೇ ಇದಕ್ಕೆ ಬಟ್ಟೆಯ ಮಾಡಿನ ತೆರೆದ ರೂಪವೂ ಇತ್ತು. 1969ರ ವರೆಗೆ ಅದು ತಯಾರಾಗುತ್ತಿತ್ತು.

ಮೊಟ್ಟೆಯ ಹೋಲಿಕೆ ಮೂದಲಿಕೆಯಾದರೂ ಅದರಲ್ಲಿ ಒಂದು ಸತ್ಯವಿದೆ. ಹಿಂದಿನ ಗಾಡಿಗಳಿಗೆ ಏಣಿಯಂತಹ ದಪ್ಪ ಉಕ್ಕಿನ ಚೌಕಟ್ಟು ಕೆಳಗಿರುತ್ತಿತ್ತು; ಮೈಯನ್ನು ಅದರ ಮೇಲೆ ಕೂಡಿಸುತ್ತಿದ್ದರು. ಮೈನರಿಗೆ ಅಂತಹ ಬೇರೆ ಚೌಕಟ್ಟಿಲ್ಲ. ನೆಲ, ಗೋಡೆ, ಮಾಡು ಎಲ್ಲವನ್ನೂ ತೆಳುವಾದ ತಗಡಿನಿಂದ ಮಾಡಿ ಬೆಸೆದು ಒಂದೇ ಚಿಪ್ಪಾಗಿಸಿದ್ದಾರೆ. ಭಾರವನ್ನು ಹೊರುವುದು ಆ ಚಿಪ್ಪೇ. ಹೀಗಿರಲು ಮಾಡನ್ನು ಕತ್ತರಿಸಿ ತೆಗೆದರೆ ಏನಾಗಬೇಕು?

ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬಹುದು. ಒಂದು ಪೋಸ್ಟ್ ಕಾರ್ಡನ್ನು ಕೊಳವೆಯಂತೆ ಸುತ್ತಿ ಅಂಚನ್ನು ಗೋಂದಿನಿಂದ ಅಂಟಿಸಿ, ಒಣಗಿದ ಮೇಲೆ ಎರಡು ತುದಿಗಳನ್ನೂ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ. ಕೊಳವೆ ಬಗ್ಗುವುದಿಲ್ಲ. ಈಗ ಅದನ್ನು ಉದ್ದಕ್ಕೆ ಒಂದೇ ಒಂದು ಗೆರೆಯಲ್ಲಿ ಸೀಳಿ ಮತ್ತೆ ತಿರುಚಿ. ಸೀಳಿನ ಎರಡು ಅಂಚುಗಳು ಒಂದರ ಪಕ್ಕದಲ್ಲೊಂದು ಹಿಂದೆಮುಂದೆ ಜಾರುತ್ತವೆ. ಕೊಳವೆ ಯಾವ ಪ್ರತಿಭಟನೆಯೂ ಇಲ್ಲದೆ ತಿರುಚಿಕೊಳ್ಳುತ್ತದೆ. ಕಾಗದ ಎಳ್ಳಷ್ಟೂ ಕಡಿಮೆಯಾಗಿಲ್ಲ. ತೂಕವೂ ಅಷ್ಟೇ ಇದೆ. ಮುಚ್ಚಿದ ಕೊಳವೆಯಲ್ಲಿ ತಡೆಯುವ ಬಲ ಸುತ್ತಳತೆಯ ಉದ್ದಕ್ಕೂ ಕಡಿಯದೆ ಹರಿಯುತ್ತಿದ್ದಿತು. ಸೀಳಿದಾಗ ಆ ಹರಿವು ತುಂಡಾಯಿತು. ಎಷ್ಟರ ಮಟ್ಟಿಗೆ? ಕೊಳವೆಯ ತ್ರಿಜ್ಯವನ್ನು ತಗಡಿನ ದಪ್ಪದಿಂದ ಭಾಗಿಸಿ, ಬಂದುದರ ವರ್ಗವನ್ನು 3ರಿಂದ ಗುಣಿಸಿದರೆ ಉತ್ತರ ಸಿಗುತ್ತದೆ. 25 ಮಿಲಿಮೀಟರ್ ತ್ರಿಜ್ಯದ, 1 ಮಿಲಿಮೀಟರ್ ದಪ್ಪದ ಕೊಳವೆಗೆ ಇದು 1,875. ಸೀಳಿದ ಕೊಳವೆ ಮೊದಲಿನದಕ್ಕಿಂತ 1,875 ಪಟ್ಟು ಸುಲಭವಾಗಿ ತಿರುಚಿಕೊಳ್ಳುತ್ತದೆಂದು ಅರ್ಥ!

ಮಾಡಿಲ್ಲದ ಗಾಡಿ ಅಷ್ಟೊಂದು ದುರ್ಬಲವೇನೂ ಅಲ್ಲ. ಅದರ ಆಕಾರ ಬೇರೆ. ಸೀಳಿದ ಕೊಳವೆಯ ಲೆಕ್ಕವನ್ನು ಹಾಗೆಯೇ ಇಡೀ ಗಾಡಿಗೆ ಅನ್ವಯಿಸುವಂತಿಲ್ಲ. ಆದರೆ ನಷ್ಟದ ದಿಕ್ಕು ಇದೇ. ಒಂದು ಚಕ್ರ ಗುಂಡಿಗಿಳಿದು ಇನ್ನೊಂದು ಮೇಲೇರಿದಾಗ ಇಡೀ ಮೈ ತಿರುಚಿಕೊಳ್ಳಲು ಹವಣಿಸುತ್ತದೆ. ಇದರಲ್ಲಿ ಒಂದು ಸ್ವಾರಸ್ಯವುಂಟು. ಮೈನರಿನ ಮುಂದಿನ ಚಕ್ರಗಳಿಗೆ ಸ್ಪ್ರಿಂಗಿನ ಬದಲು ಉದ್ದವಾದ ಉಕ್ಕಿನ ಕಂಬಿಗಳಿವೆ. ನಮ್ಮ ಪ್ರಯೋಗಶಾಲೆಯ ತಿರುಚು ಲೋಲಕದ ತಂತಿಯಂತೆ ತಿರುಚಿಕೊಳ್ಳುವುದೇ ಅವುಗಳ ಕೆಲಸ. ಅವುಗಳ ಹಿಂದಿನ ತುದಿ ನೆಲದಡಿಯ ಅಡ್ಡತೊಲೆಗೆ ಬಿಗಿಯಲ್ಪಟ್ಟಿದೆ. ತಿರುಚಲೇಬೇಕಾದ ಕಂಬಿ, ತಿರುಚಲೇಬಾರದ ಮೈ: ಎರಡೂ ಒಂದೇ ಗಾಡಿಯಲ್ಲಿವೆ. ಮೈ ಸಡಿಲವಾದರೆ ಕಂಬಿಯ ಕೆಲಸವೂ ಕೆಡುತ್ತದೆ.

ಮಾಡಿನ ನಷ್ಟವನ್ನು ತುಂಬಿಕೊಡಲು ತಯಾರಕರು ತೆರೆದ ಗಾಡಿಯ ಹೊಸ್ತಿಲನ್ನು ಬಲಪಡಿಸಿದರು. ಹೊಸ್ತಿಲೆಂದರೆ ಬಾಗಿಲಿನ ಕೆಳಗೆ, ಹತ್ತುವಾಗ ನಾವು ದಾಟುವ ಭಾಗ. ನೋಡಲು ಅಂಚುಪಟ್ಟಿಯಂತಿದ್ದರೂ ವಾಸ್ತವವಾಗಿ ಅದು ತಗಡುಗಳನ್ನು ಸೇರಿಸಿ ಬೆಸೆದ ಟೊಳ್ಳು ಪೆಟ್ಟಿಗೆ, ಅಂದರೆ ಮುಚ್ಚಿದ ಕೊಳವೆ. ಇನ್ನು ತುಕ್ಕಿನ ಮಾತು. ಬಟ್ಟೆಯ ಮಾಡು ಕಾಲಕ್ರಮದಲ್ಲಿ ಸೋರುತ್ತದೆ. ಸೋರಿದ ನೀರು ನೆಲಕ್ಕಿಳಿದು ಟೊಳ್ಳಾದ ಹೊಸ್ತಿಲಿನೊಳಗೆ ನಿಲ್ಲುತ್ತದೆ. ಇಂಗ್ಲೆಂಡಿನಲ್ಲಿ ಚಳಿಗಾಲದ ರಸ್ತೆಗೆ ಎರಚುವ ಉಪ್ಪು ಕೆಳಗಿನಿಂದ ಬಂದು ಸೇರುತ್ತದೆ. ಉಪ್ಪುನೀರು ವಿದ್ಯುತ್ತಿಗೆ ದಾರಿಯಾಗುವುದರಿಂದ ಉಕ್ಕು ಬೇಗ ಕರಗುತ್ತದೆ. (ನಮ್ಮ ಮಂಗಳೂರಿನ ಕಡಲತಡಿಯಲ್ಲಿ ಕಿಟಕಿಯ ಸರಳುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.) ತುಕ್ಕು ತಾನು ತಿಂದ ಕಬ್ಬಿಣದ ಎರಡು ಪಟ್ಟಿಗೂ ಮಿಗಿಲಾದ ಜಾಗವನ್ನು ಬೇಡುತ್ತದೆ, ಆದುದರಿಂದ ಬೆಸುಗೆಯ ಅಂಚಿನಲ್ಲಿ ಸೇರಿದಾಗ ಎರಡು ತಗಡುಗಳನ್ನೂ ದೂಡಿ ಬೇರ್ಪಡಿಸುತ್ತದೆ. ಎಲ್ಲಿ ಬಲ ಅತ್ಯಗತ್ಯವೋ ಅಲ್ಲೇ ಸೀಳು ಬೀಳುತ್ತದೆ.

ಪೋಸ್ಟ್ ಕಾರ್ಡಿನ ಕೊಳವೆಯನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಹೊಸ್ತಿಲಿನ ತಳದಲ್ಲಿ ಒಂದು ಗೆರೆಯಷ್ಟು ಉಕ್ಕು ಹೋದರೆ ನೂರರಲ್ಲಿ ಒಂದು ಪಾಲು ಹೋಯಿತೆಂದು ಮನಸ್ಸು ಲೆಕ್ಕ ಹಾಕುತ್ತದೆ. ಬಾಗುವಿಕೆಯ ಮಟ್ಟಿಗೆ ಆ ಲೆಕ್ಕ ತೀರ ತಪ್ಪಲ್ಲ. ತಿರುಚಿನ ಮಟ್ಟಿಗೆ ಮುಚ್ಚಿದ ಕೊಳವೆ ತೆರೆದ ಕೊಳವೆಯಾಯಿತು. ಆಗ ಹೋದುದು ಒಂದು ಪಾಲಲ್ಲ, ಬಹುಪಾಲು. ಇಂತಹ ಜಾಗಕ್ಕೆ ಪುಟ್ಟಿ ಮೆತ್ತಿ, ಉಜ್ಜಿ ನಯಮಾಡಿ, ಮೇಲೆ ಬಣ್ಣ ಎರಚಿದರೆ ಕಣ್ಣಿಗೆ ಏನೂ ಕಾಣದು. ಪುಟ್ಟಿ ಆಕಾರವನ್ನು ಕೊಟ್ಟೀತೇ ಹೊರತು ಬಲವನ್ನು ಹೊರಲಾರದು.

ಸರಿಯಾದ ದುರಸ್ತಿ ನಿಧಾನದ ಕೆಲಸ. ಹಳೆಯ ಹೊಸ್ತಿಲನ್ನು ಕತ್ತರಿಸುವ ಮೊದಲು ಬಾಗಿಲ ಕಂಡಿಗೆ ಅಡ್ಡಲಾಗಿ ಗಟ್ಟಿ ಕಂಬಿಯನ್ನು ಬಿಗಿಯಬೇಕು. ಗಾಡಿಯನ್ನು ಸಮತಟ್ಟಾದ ಆಧಾರಗಳ ಮೇಲೆ ನಿಲ್ಲಿಸಬೇಕು. ಹಾಗೆ ಮಾಡದಿದ್ದರೆ ಮೈ ನಡುವೆ ಕುಸಿಯುತ್ತದೆ. ಹೊಸ ತಗಡನ್ನು ಬೆಸೆದಾಗ ಆ ಕುಸಿತವೇ ಶಾಶ್ವತವಾಗಿ, ಬಾಗಿಲು ಎಂದೆಂದಿಗೂ ಮುಚ್ಚದಾಗುತ್ತದೆ. ತೆರೆದ ಮೈನರಿಗೆ ಬೆಲೆ ಹೆಚ್ಚೆಂದು ಸಾಮಾನ್ಯ ಗಾಡಿಯ ಮಾಡನ್ನು ಕೊಯ್ದು ಬಟ್ಟೆ ಹೊದಿಸಿದವರೂ ಉಂಟು. ತಯಾರಕರ ಬಲಪಟ್ಟಿಗಳನ್ನು ಸೇರಿಸದೆ ಹೀಗೆ ಮಾಡುವುದನ್ನು ದುರಸ್ತಿಯೆಂದು ನಾವು ಕರೆಯಲಾರೆವು.

2018ರ ಮೇ ತಿಂಗಳಿನಿಂದ ಬ್ರಿಟನ್ನಿನಲ್ಲಿ 40 ವರ್ಷ ಮೀರಿದ, ಹೆಚ್ಚು ಮಾರ್ಪಾಟಾಗದ ಗಾಡಿಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ದೊರೆತಿದೆ. ಇವು ಕಡಿಮೆ ಓಡುತ್ತವೆ, ಒಡೆಯರು ಇವನ್ನು ಜತನದಿಂದ ಕಾಪಾಡುತ್ತಾರೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಕಾರಣ ಸುಳ್ಳಲ್ಲ. ಆದರೆ ತುಕ್ಕು ಓಡಿದ ಮೈಲಿಗಳನ್ನು ಎಣಿಸುವುದಿಲ್ಲ. ನಿಂತ ಗಾಡಿಯನ್ನೂ ತಿನ್ನುತ್ತದೆ. ಒಡೆಯನ ಪ್ರೀತಿಯಾದರೋ ಬಹುಮಟ್ಟಿಗೆ ಕಾಣುವ ಭಾಗಗಳ ಮೇಲಿರುತ್ತದೆ. ತೆರೆದ ಗಾಡಿಗಳನ್ನಾದರೂ ಈ ವಿನಾಯಿತಿಯಿಂದ ಹೊರಗಿಡಬೇಕಾಗಿತ್ತೆಂದು ನಮಗೆ ತೋರುತ್ತದೆ. ಒಡೆಯನು ತಾನಾಗಿಯೇ ತಪಾಸಣೆಗೆ ಒಯ್ಯಲು ಅಡ್ಡಿಯಿಲ್ಲ, ವಿವೇಕಿಗಳು ಒಯ್ಯುತ್ತಾರೆ.

ಮಾಸಿದ ಬಣ್ಣವನ್ನೂ ಸವೆದ ಆಸನವನ್ನೂ ಇದ್ದಂತೆಯೇ ಬಿಟ್ಟರೆ ನಮ್ಮ ಆಕ್ಷೇಪವಿಲ್ಲ. ಅವು ಆ ಗಾಡಿಯ ಆಯುಸ್ಸಿನ ಸಾಕ್ಷಿಗಳು. ಎಲ್ಲಾದರೂ ಇಂತಹ ಗಾಡಿಯೊಂದನ್ನು ನೋಡುವ ಅವಕಾಶ ಒದಗಿದರೆ, ಒಡೆಯನ ಒಪ್ಪಿಗೆ ಪಡೆದು ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ, ಸುತ್ತಲಿನ ಸಂದನ್ನು ಗಮನಿಸಿ. ಅನಂತರ ಒಡೆಯನೇ ಜಾಕಿಯನ್ನು ಅದಕ್ಕೆಂದು ಗೊತ್ತುಪಡಿಸಿದ ಜಾಗದಲ್ಲಿಟ್ಟು ಒಂದು ಮೂಲೆಯನ್ನು ಮೆಲ್ಲನೆ ಎತ್ತಲಿ. ಯಾರೂ ಗಾಡಿಯ ಅಡಿಗೆ ಕೈಯನ್ನಾಗಲಿ ತಲೆಯನ್ನಾಗಲಿ ಒಡ್ಡಬಾರದು. ಆಗ ಮತ್ತೆ ಬಾಗಿಲ ಸಂದನ್ನು ನೋಡಿ. ಅದು ಮೇಲೊಂದು ಕೆಳಗೊಂದು ಅಳತೆಯಾಗಿದ್ದರೆ, ಬಾಗಿಲು ಚೌಕಟ್ಟಿಗೆ ಉಜ್ಜುತ್ತಿದ್ದರೆ, ಬಣ್ಣದವನಿಗಿಂತ ಮೊದಲು ಬೆಸುಗೆಯವನನ್ನು ಕರೆಯಿರೆಂದು ಒಡೆಯನಿಗೆ ಹೇಳಬಹುದು.