ತೋಟ ಅಡವಿಟ್ಟು ಲಂಡನ್ನಿಗೆ?

ಹೋದ ದೀಪಾವಳಿಗೆ ತವರಿಗೆ ಹೋದಾಗ ತಮ್ಮ ಬಣ್ಣಬಣ್ಣದ ಪುಸ್ತಕವೊಂದನ್ನು ಕೈಗಿತ್ತು, "ಅಕ್ಕಾ, ನೀನು ಓದಿದವಳು. ಇದರಲ್ಲಿ ಯಾವುದು ಒಳ್ಳೇದು ನೋಡಿ ಹೇಳು" ಎಂದ. ನಾನು ಬಿ.ಎ., ಬಿ.ಎಡ್. ಮಾಡಿಕೊಂಡು 28 ವರ್ಷ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಿದವಳು. ಯುರೋಪಿನ ನಕ್ಷೆಯಲ್ಲಿ ರೈನ್ ನದಿಯನ್ನು ಕಣ್ಣು ಮುಚ್ಚಿ ತೋರಿಸಿಯೇನು. ಅಲ್ಲಿನ ಬ್ಯಾಂಕುಗಳಲ್ಲಿ ಕೆಲಸ ಹೇಗೆ ಸಿಗುತ್ತದೆಂದು ನನಗೇನು ಗೊತ್ತು?

ತಮ್ಮನ ಮಗಳು ಬಿ.ಕಾಂ. ಮುಗಿಸಿದ್ದಾಳೆ. ಫೈನಾನ್ಸ್‌ನಲ್ಲಿ ಎಂ.ಎಸ್ಸಿ. ಮಾಡಿ ಬ್ಯಾಂಕಿಂಗ್ ಕ್ಷೇತ್ರಕ್ಕೆ ಹೋಗುವ ಆಸೆ. ಏಜೆಂಟನೊಬ್ಬ ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯ ಗೊತ್ತು ಮಾಡಿದ್ದ. ಒಂದು ವರ್ಷದ ಕೋರ್ಸು, ಫೀಸು, ಊಟ, ವಸತಿ ಎಲ್ಲ ಸೇರಿ 40 ಲಕ್ಷ. ತಮ್ಮನಿಗಿರುವುದು ಎರಡೆಕರೆ ಅಡಿಕೆ ತೋಟ. ಸಾಲ ಕೊಡುವವರು ಅದರ ಕಾಗದಪತ್ರ ಕೇಳಿದ್ದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಊರಿಗೆ ಮರಳಿದ ಮೇಲೆ ಜರ್ಮನಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿದೆ. ಒಂದೊಂದೇ ದೇಶದ ವೀಸಾ ನಿಯಮಗಳನ್ನು ಕನ್ನಡಕ ಏರಿಸಿಕೊಂಡು ಓದಿದೆ. ಓದುತ್ತ ಓದುತ್ತ ಸಿಟ್ಟು ಬಂತು. ಮೊದಲ ಸಿಟ್ಟು ನಮ್ಮ ಮೇಷ್ಟರ ಜಾತಿಯ ಮೇಲೆಯೇ. ರ‍್ಯಾಂಕು, ರ‍್ಯಾಂಕು ಎಂದು ಮಕ್ಕಳ ಫೋಟೋವನ್ನು ಪತ್ರಿಕೆಗೆ ಕೊಟ್ಟು ಈ ಚಟ ಹತ್ತಿಸಿದವರು ನಾವೇ ತಾನೆ? ಈಗ ಅಪ್ಪ ಅಮ್ಮಂದಿರು ವಿಶ್ವವಿದ್ಯಾಲಯಗಳಿಗೂ ರ‍್ಯಾಂಕು ಕೇಳುತ್ತಾರೆ.

ಫೈನಾನ್ಸ್ ಓದುವವರೆಲ್ಲ ನೋಡುವುದು ಫೈನಾನ್ಶಿಯಲ್ ಟೈಮ್ಸ್ ಪತ್ರಿಕೆಯ ಪಟ್ಟಿಯನ್ನು. ಪ್ಯಾರಿಸಿನ ಎಚ್‌ಇಸಿ, ಮಿಲಾನಿನ ಬೊಕ್ಕೋನಿಯಂಥ ಹೆಸರುಗಳು ಅದರಲ್ಲಿ ಮೇಲಿರುತ್ತವೆ. ಒಳ್ಳೆಯ ಸಂಸ್ಥೆಗಳೇ, ಎರಡು ಮಾತಿಲ್ಲ. ಆದರೆ ಆ ಪಟ್ಟಿಯಲ್ಲಿ ದೊಡ್ಡ ತೂಕ ಹಳೆಯ ವಿದ್ಯಾರ್ಥಿಗಳ ಸಂಬಳಕ್ಕೆ. ಆ ಸಂಬಳ ಎಣಿಸಿದವರಲ್ಲಿ ವೀಸಾದ ಹಂಗಿಲ್ಲದ ಯುರೋಪಿನವರೆಷ್ಟು, ಅಲ್ಲಿನ ಭಾಷೆಯನ್ನು ತಾಯಿಯ ಮಡಿಲಲ್ಲಿ ಕಲಿತವರೆಷ್ಟು, ನಮ್ಮ ಹುಡುಗಿಯ ಹಾಗೆ ಪರವಾನಗಿ ಹಿಡಿದು ನಿಂತವರೆಷ್ಟು? ಸರಾಸರಿಯ ಅಂಕಿ ಇದನ್ನು ಬಿಡಿಸಿ ಹೇಳುವುದಿಲ್ಲ. ನನ್ನ ತರಗತಿಯ ಸರಾಸರಿ ಅಂಕ ತೋರಿಸಿ ಹಿಂದಿನ ಬೆಂಚಿನವನ ಭವಿಷ್ಯ ಹೇಳಿದಂತೆ ಇದು.

ಇನ್ನು ಆ ಒಂದು ವರ್ಷದ ಕೋರ್ಸಿನ ಕತೆ. ಬೇಗ ಮುಗಿಯುತ್ತದೆ, ಖರ್ಚು ಉಳಿಯುತ್ತದೆ ಎಂದು ಏಜೆಂಟ ಹೊಗಳುತ್ತಾನೆ. ಲಂಡನ್ನಿನ ದೊಡ್ಡ ಬ್ಯಾಂಕುಗಳು ಹೊಸಬರನ್ನು ಬಹುಮಟ್ಟಿಗೆ ಬೇಸಿಗೆಯ ಇಂಟರ್ನ್‌ಶಿಪ್ ಮಾಡಿದವರಿಂದಲೇ ಆರಿಸಿಕೊಳ್ಳುತ್ತವೆ. ಆ ಇಂಟರ್ನ್‌ಶಿಪ್ಪಿಗೆ ಅರ್ಜಿ ಕರೆಯುವುದು ಹಿಂದಿನ ವರ್ಷದ ಆಗಸ್ಟು–ಸೆಪ್ಟೆಂಬರಿನ ಹೊತ್ತಿಗೆ. ನಮ್ಮ ಹುಡುಗಿ ವಿಮಾನ ಇಳಿದು, ಕೋಣೆ ಹುಡುಕಿ, ಅನ್ನ ಬೇಯಿಸಿಕೊಳ್ಳಲು ಕುಕ್ಕರು ಬಿಚ್ಚುವುದರೊಳಗೆ ಬಾಗಿಲು ಮುಚ್ಚುತ್ತ ಬಂದಿರುತ್ತದೆ. ಎರಡು ವರ್ಷದ ಕೋರ್ಸಾದರೆ ನಡುವೆ ಒಂದು ಬೇಸಿಗೆಯಾದರೂ ಕೈಗೆ ಸಿಗುತ್ತದೆ. ಇದನ್ನು ಆ ಬಣ್ಣದ ಪುಸ್ತಕದಲ್ಲಿ ಎಲ್ಲಿ ಹುಡುಕಿದರೂ ಕಾಣೆ.

ಓದಿದ ಮೇಲೆ? ಬ್ರಿಟನ್ನಿನಲ್ಲಿ 2021ರಿಂದ ಪದವಿಯ ನಂತರ ಎರಡು ವರ್ಷ ಉಳಿಯಲು ಅವಕಾಶವಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು ಎಂದು 2025ರಲ್ಲಿ ಅಲ್ಲಿನ ಸರ್ಕಾರ ಪ್ರಕಟಿಸಿತು. ಅದು ಮುಗಿದ ಮೇಲೆ ನಿಲ್ಲಬೇಕಾದರೆ ಕಂಪನಿಯೇ ವೀಸಾ ಮಾಡಿಸಿಕೊಡಬೇಕು. ಅದಕ್ಕೆ ಸಂಬಳದ ಸಾಮಾನ್ಯ ಮಿತಿಯನ್ನು 2025ರ ಜುಲೈಯಲ್ಲಿ ವರ್ಷಕ್ಕೆ 41,700 ಪೌಂಡಿಗೆ ಏರಿಸಿದರು. ಹೊಸಬರಿಗೆ ಕೊಂಚ ರಿಯಾಯಿತಿ ಇದೆ, ಅಷ್ಟೆ. ಇಂಗ್ಲಿಷೇ ಬೇಕೆನ್ನುವವರಿಗೆ ಡಬ್ಲಿನ್ ಇದೆ. ಐರ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದವರಿಗೆ ಎರಡು ವರ್ಷದವರೆಗೆ ಅವಕಾಶ. ಸ್ವಿಟ್ಜರ್ಲೆಂಡಿನ ಬ್ಯಾಂಕುಗಳೆಂದು ಬಾಯಿ ಬಿಡುವವರಿಗೆ ಆರೇ ತಿಂಗಳು!

ಜರ್ಮನಿ ಕೊಡುವುದು 18 ತಿಂಗಳು. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಮನ್‌ಹೈಮ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ 2017ರಿಂದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಹಾಕಿದೆ. ಜೀವನ ನಿರ್ವಹಣೆಗೆಂದು 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ ಮುಂಗಡವಾಗಿ ಖಾತೆಯಲ್ಲಿ ತೋರಿಸಬೇಕು, ನಿಜ. ಆದರೆ ಅದು ನಮ್ಮದೇ ದುಡ್ಡು, ತಿಂಗಳು ತಿಂಗಳು ನಮಗೇ ಬರುತ್ತದೆ. ಹಾಗಾದರೆ ಏಜೆಂಟ ಫ್ರಾಂಕ್‌ಫರ್ಟಿನ ಗಯಟೆ ವಿಶ್ವವಿದ್ಯಾಲಯದ ಹೆಸರನ್ನೇಕೆ ಎತ್ತಲಿಲ್ಲ? ಫೀಸೇ ಇಲ್ಲದ ಕಡೆ ಕಮಿಷನ್ನು ಎಲ್ಲಿಂದ ಬರಬೇಕು, ಸ್ವಾಮೀ?

ಜರ್ಮನಿಯೇನೂ ಸ್ವರ್ಗವಲ್ಲ. ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಎಷ್ಟೆಷ್ಟು ಓದಿದ್ದೀರೆಂದು ಅಂಕಪಟ್ಟಿ ಬಿಡಿಸಿ ನೋಡುತ್ತಾರೆ, ಬಿ.ಕಾಂ. ಮಾಡಿದವರು ಅಲ್ಲಿಯೇ ಎಡವಬಹುದು. ಪಾಠ ಇಂಗ್ಲಿಷಿನಲ್ಲಿ ನಡೆದರೂ ಕೆಲಸಕ್ಕೆ ಜರ್ಮನ್ ಬೇಕು. ನನ್ನ ವಿದ್ಯಾರ್ಥಿ ಹೇಳಿದ್ದು: "ಟೀಚರ್, ಇಂಟರ್ವ್ಯೂ ಇಂಗ್ಲಿಷಿನಲ್ಲೇ ಆಯ್ತು. ಆದರೆ ಗಿರಾಕಿಗಳು ಇಂಗ್ಲಿಷಿನಲ್ಲಿ ಮಾತಾಡಲ್ಲ." ಇನ್ನೊಂದು ತಮಾಷೆ ಕೇಳಿ. ಆ ಪುಸ್ತಕದ ಮುಖಪುಟದಲ್ಲಿ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಗಾಜಿನ ಜೋಡಿ ಗೋಪುರ ಹೊಳೆಯುತ್ತಿತ್ತು. ಆ ಬ್ಯಾಂಕು ಕೆಲಸಕ್ಕೆ ತೆಗೆದುಕೊಳ್ಳುವುದು ಯುರೋಪಿಯನ್ ಒಕ್ಕೂಟದ ನಾಗರಿಕರನ್ನು. ನಮ್ಮ ಮಕ್ಕಳು ಹೊರಗೆ ನಿಂತು ಫೋಟೋ ತೆಗೆಸಿಕೊಳ್ಳಬಹುದು.

"ಅಂಬೇಡ್ಕರರು ಲಂಡನ್ನಿನಲ್ಲಿ ಓದಲಿಲ್ಲವೆ?" ಎಂದು ತಮ್ಮ ನನ್ನನ್ನೇ ಕೇಳಿದ. ಓದಿದರಪ್ಪ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ. ಬಡೋದೆಯ ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಓದನ್ನು ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ಹಣ ಹೊಂದಿಸಿಕೊಂಡು 1920ರಲ್ಲಿ ಮತ್ತೆ ಹೋದರು. ನಿನ್ನ ಮಗಳಿಗೂ ಅಂಥ ಕಡೆ ಸೀಟು, ಜೊತೆಗೆ ವಿದ್ಯಾರ್ಥಿವೇತನ ಸಿಕ್ಕರೆ ನಾನೇ ಬೆಂಗಳೂರಿನವರೆಗೆ ಹೋಗಿ ವಿಮಾನ ಹತ್ತಿಸುತ್ತೇನೆ ಎಂದೆ. ಹೆಸರೇ ಕೇಳದ ಊರಿಗೆ ತೋಟ ಅಡವಿಟ್ಟು ಹೋಗುವುದಕ್ಕೆ ಮಾತ್ರ ನನ್ನ ಸಮ್ಮತಿಯಿಲ್ಲ.

ತಮ್ಮ ಇನ್ನೂ ಮುನಿಸಿಕೊಂಡಿದ್ದಾನೆ. ಏಜೆಂಟನಿಗೆ ಕೊಟ್ಟ 25 ಸಾವಿರ ಮುಂಗಡ ವಾಪಸು ಬರುವುದಿಲ್ಲವಂತೆ. ಹುಡುಗಿ ಮಾತ್ರ ಹೋದ ವಾರ ಫೋನು ಮಾಡಿ, "ಅತ್ತೆ, ಜರ್ಮನ್ ಮೊದಲ ಪರೀಕ್ಷೆ ಪಾಸಾದೆ. ಸಂಖ್ಯಾಶಾಸ್ತ್ರಕ್ಕೂ ಬೇರೆ ಪಾಠಕ್ಕೆ ಸೇರಿದ್ದೇನೆ, ಒಂದು ವರ್ಷ ತಡವಾದರೂ ಅಡ್ಡಿಯಿಲ್ಲ" ಎಂದಳು. ಪೆಟ್ಟಿಗೆಯಲ್ಲಿದ್ದ ತೋಟದ ಕಾಗದಪತ್ರ ಪೆಟ್ಟಿಗೆಯಲ್ಲೇ ಇವೆ.