ಪಾದ ಒಳಕ್ಕೆ ವಾಲಿದರೆ ಗಾಬರಿ ಏಕೆ?

ವಾಯುವಿಹಾರಕ್ಕೆಂದು ಬೂಟು ಕೊಳ್ಳಲು ಹೋದವರನ್ನು ಕೆಲವು ಅಂಗಡಿಗಳಲ್ಲಿ ಈಗ ಯಂತ್ರದ ಮೇಲೆ ನಿಲ್ಲಿಸಿ ಪಾದ ಪರೀಕ್ಷಿಸುತ್ತಾರೆ. 'ನಿಮ್ಮ ಪಾದ ಒಳಕ್ಕೆ ವಾಲುತ್ತದೆ, ಮುಂದೆ ಮಂಡಿ ಸವೆಯುತ್ತದೆ' ಎಂಬ ಮಾತಿಗೆ ಹೆದರಿ, ನೋವೇ ಇಲ್ಲದವರೂ ದುಬಾರಿ ಬೂಟು, ಒಳಮೆತ್ತೆಗಳನ್ನು ಕೊಂಡು ತರುತ್ತಾರೆ. ಈ ಖರ್ಚು ಬಹುಪಾಲು ಅನಗತ್ಯ ಎಂಬುದು ನನ್ನ ಅಭಿಪ್ರಾಯ.

ನಡೆಯುವಾಗ ಸಾಮಾನ್ಯವಾಗಿ ಹಿಮ್ಮಡಿಯ ಹೊರಅಂಚು ಮೊದಲು ನೆಲಕ್ಕೆ ತಾಗುತ್ತದೆ. ಚಪ್ಪಲಿ ಅಲ್ಲಿ ಸವೆಯುವುದು ಇದಕ್ಕೇ, ಅದು ರೋಗವಲ್ಲ. ಬಳಿಕ ಪಾದ ಒಳಕ್ಕೆ ಹೊರಳುತ್ತದೆ; ಕಮಾನು ಸ್ವಲ್ಪ ತಗ್ಗಿ ಮೈಭಾರದ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಕೊನೆಗೆ ಮತ್ತೆ ಬಿಗಿಯಾಗಿ, ಹೆಬ್ಬೆರಳಿನಿಂದ ನೆಲವನ್ನು ಒತ್ತಿ ಮುಂದೆ ಸಾಗುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಎರಡು-ಮೂರು ಪಟ್ಟು ಭಾರ ಬೀಳುತ್ತದೆ. 26 ಮೂಳೆಗಳ ಈ ಪಾದ ಹೊರಳದೇ ಹೋದರೆ ಪೆಟ್ಟು ಮೇಲಿನ ಕೀಲುಗಳಿಗೆ ಹೆಚ್ಚು ತಟ್ಟುತ್ತದೆ.

ಕೆಲವರ ಪಾದ ತುಸು ಹೆಚ್ಚೇ ಹೊರಳುತ್ತದೆ, ನಿಜ. ಅಂಥವರು ಓಡಿದರೆ ಪೆಟ್ಟು ಮಾಡಿಕೊಳ್ಳುತ್ತಾರೆಂದು ಬಹುಕಾಲ ನಂಬಲಾಗಿತ್ತು. ಡೆನ್ಮಾರ್ಕಿನಲ್ಲಿ 927 ಹೊಸ ಓಟಗಾರರಿಗೆ, ಪಾದ ಹೇಗೇ ಇರಲಿ, ಒಂದೇ ಬಗೆಯ ಸಾಧಾರಣ ಬೂಟು ಕೊಟ್ಟು ಒಂದು ವರ್ಷ ಗಮನಿಸಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಳಕ್ಕೆ ವಾಲುವ ಪಾದದವರಿಗೆ ಹೆಚ್ಚಿನ ತೊಂದರೆ ಆಗಿರಲಿಲ್ಲ. ನೋವು ತರುವುದು ಹೆಚ್ಚಾಗಿ ಅವಸರ. ಹತ್ತು ವರ್ಷ ಕುರ್ಚಿ ಬಿಡದವರು ಒಂದೇ ವಾರದಲ್ಲಿ ಐದು ಕಿಲೋಮೀಟರ್ ಓಡಹೊರಟರೆ ಯಾವ ಬೂಟು ತಾನೇ ಕಾಪಾಡೀತು? ಮಂಡಿ ನೋವಿನವರು ಮೊದಲು ಗಮನಿಸಬೇಕಾದದ್ದು ಮೈತೂಕ ಮತ್ತು ತೊಡೆಯ ಸ್ನಾಯುಗಳ ಬಲ.

ಚಿಕ್ಕ ಮಕ್ಕಳ ಒದ್ದೆ ಕಾಲಿನ ಗುರುತು ನೆಲದ ಮೇಲೆ ಚಪ್ಪಟೆಯಾಗಿ ಮೂಡುವುದು ಸಹಜ. ಮಗು ತುದಿಗಾಲಲ್ಲಿ ನಿಂತಾಗ ಕಮಾನು ಕಂಡರೆ, ನೋವೂ ಇಲ್ಲದಿದ್ದರೆ ವಿಶೇಷ ಬೂಟು ಬೇಡ, ಬರಿಗಾಲಲ್ಲಿ ಆಡಲಿ.

ಕಡೆಗಣಿಸಬಾರದ ಪಾದ ಬೇರೆಯೇ ಇದೆ. ನಲವತ್ತು ದಾಟಿದವರಲ್ಲಿ, ಅದರಲ್ಲೂ ಸ್ಥೂಲಕಾಯದ ಮಹಿಳೆಯರಲ್ಲಿ, ಒಂದೇ ಕಾಲಿನ ಕಮಾನು ಹೊಸದಾಗಿ ಕುಸಿಯುವುದುಂಟು. ಕಣಕಾಲಿನ ಒಳಬದಿಯಲ್ಲಿ ಊತ, ನೋವು. ಗೋಡೆ ಹಿಡಿದು ಆ ಒಂದೇ ಕಾಲಲ್ಲಿ ನಿಂತರೆ ಹಿಮ್ಮಡಿ ಎತ್ತಲಾಗದು. ಕಮಾನನ್ನು ಎತ್ತಿಹಿಡಿಯುವ ಸ್ನಾಯುರಜ್ಜು ಸೋಲುತ್ತಿರುವ ಲಕ್ಷಣವಿದು. ಒಳಮೆತ್ತೆಗೆ ಹಣ ಹಾಕಬೇಕಾದದ್ದು ಇಲ್ಲಿ, ಅದೂ ವೈದ್ಯರು ನೋಡಿದ ಮೇಲೆ. ತಡವಾದರೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಇನ್ನು ಸಕ್ಕರೆ ಕಾಯಿಲೆಯವರ ಪಾದ, ನೋವಿಲ್ಲದಿದ್ದರೂ, ಕೆಂಪಗೆ ಬಿಸಿಯಾಗಿ ಊದಿಕೊಂಡರೆ ಅಂದೇ ವೈದ್ಯರಿಗೆ ತೋರಿಸಬೇಕು. ಅಲ್ಲಿಯವರೆಗೆ ಆ ಕಾಲನ್ನು ಊರಬಾರದು.